ಸಂಬಳ ಬೆಂಗಳೂರಲ್ಲಿ, ಚೌಕಾಸಿ ಸಿಂಧನೂರಲ್ಲಿ

ನಿಮ್ಮ ತಂಗಿ ಮೈಸೂರಿನಿಂದ ರಾಯಚೂರು ಜಿಲ್ಲೆಯ ಸಿಂಧನೂರಿನ ಖಾಸಗಿ ಹೈಸ್ಕೂಲಿಗೆ ಬರುತ್ತಿದ್ದಾರೆ, ಸಂಬಳ ಎಷ್ಟು ಕೇಳಬೇಕು ಅಂತ ಕೇಳಿದ್ದೀರಿ. ನಮ್ಮ ಕಡೆ ಮೊದಲು ಕೇಳಬೇಕಾದ್ದು ಯಾವ ತಾರೀಖಿಗೆ ಕೊಡ್ತೀರಿ, ವರ್ಷಕ್ಕೆ ಎಷ್ಟು ತಿಂಗಳು ಕೊಡ್ತೀರಿ ಅಂತ. ಮೊತ್ತದ ಮಾತು ಆಮೇಲೆ.

ಸರ್ಕಾರಿ ಮಾಸ್ತರರದು ಬೇರೆ ಲೋಕ. ಅವರ ಸಂಬಳ ಬೆಂಗಳೂರಲ್ಲಿ ತೀರ್ಮಾನ ಆಗುತ್ತೆ. 2023ರ ಮಾರ್ಚ್ 1ರಂದು ರಾಜ್ಯದ ನೌಕರರು ಮುಷ್ಕರಕ್ಕೆ ಇಳಿದರು, ಅದೇ ದಿನ ಶೇ 17 ಮಧ್ಯಂತರ ಪರಿಹಾರ (ಹೊಸ ಸಂಬಳ ಬರುವವರೆಗಿನ ತಾತ್ಕಾಲಿಕ ಏರಿಕೆ) ಘೋಷಣೆ ಆಯ್ತು. 7ನೇ ವೇತನ ಆಯೋಗದ ಸಂಬಳ 2024ರ ಆಗಸ್ಟ್ 1ರಿಂದ ಬಂತು. ಹಾಗಾಗಿ ಇಲ್ಲಿ ಅವರ ಎಳೆದಾಟವೆಲ್ಲ ಊರಿಗಾಗಿ, ಅಂದ್ರೆ ವರ್ಗಾವಣೆಗಾಗಿ. ಹುದ್ದೆ ಜಾಸ್ತಿ ಖಾಲಿ ಬಿದ್ದಿರುವ ತಾಲ್ಲೂಕಿನಿಂದ ಸುಲಭಕ್ಕೆ ಹೊರಗೆ ಬಿಡೋದಿಲ್ಲ. ಪರಸ್ಪರ ವರ್ಗಾವಣೆಗೆ ಜೋಡಿ ಹುಡುಕೋದಂತೂ ಕನ್ಯೆ ಹುಡುಕಿದ ಹಾಗೆ. ಹಾಸನ ಬಿಟ್ಟು ನಮ್ಮ ಜಿಲ್ಲೆಯ ದೇವದುರ್ಗಕ್ಕೆ ಯಾರು ಬರ್ತಾರೆ ಹೇಳಿ?

ಮುಂದೆ ನಿಮ್ಮ ತಂಗಿ ಇಲ್ಲೇ ಸರ್ಕಾರಿ ನೌಕರಿಗೆ ಅರ್ಜಿ ಹಾಕುವುದಾದರೆ ಸಂವಿಧಾನದ 371ಜೆ ವಿಧಿ ಗೊತ್ತಿರಲಿ. ನಮ್ಮ ಕಲ್ಯಾಣ ಕರ್ನಾಟಕ ಭಾಗದ ಸಿ ದರ್ಜೆ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ ಮೀಸಲು. ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು, ಕೊಪ್ಪಳಕ್ಕಷ್ಟೇ ಅಲ್ಲ, 1953ರವರೆಗೆ ಮದ್ರಾಸಿನ ಜೊತೆಗಿದ್ದ ಬಳ್ಳಾರಿಗೂ ಇದು ಅನ್ವಯ.

ಸರ್ಕಾರಿ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ ಆಗುವ ದಾರಿಯೂ ಇದೆ. 2025-26ರ ಬಜೆಟ್‌ನಲ್ಲಿ 2,000 ರೂಪಾಯಿ ಏರಿಸಿ ಹೈಸ್ಕೂಲಿನವರ ಗೌರವಧನವನ್ನು ತಿಂಗಳಿಗೆ 12,500 ಮಾಡಿದರು. ಪಕ್ಕದ ಕುರ್ಚಿಯಲ್ಲಿ ಕೂತ ಕಾಯಂ ಶಿಕ್ಷಕರ ಮುಂದೆ ಅದು ಏನೇನೂ ಅಲ್ಲ. ಅದೂ ತಿಂಗಳು ತಿಂಗಳು ಬರೋದಿಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲಿ ದಿನಾ ಈ ಮಾತು ಕೇಳುತ್ತೆ:

"ಸರ್, ಪೇಮೆಂಟ್ ಏನಾದ್ರೂ ಬಂತೇನ್ರಿ?"

"ಬಜೆಟ್ ರಿಲೀಸ್ ಆಗಿಲ್ರಿ ಟೀಚರ್. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಬಿಲ್ ಕಳಿಸೀವಿ."

ಅಲ್ಲಿಗೆ ಮಾತು ಮುಗೀತು. ಹೆಡ್‌ಮಾಸ್ತರ ಕೈಯಲ್ಲೂ ಏನೂ ಇರೋದಿಲ್ಲ, ಅವರ ಮೇಲೆ ಸಿಟ್ಟಾಗೋದು ಸುಮ್ನೆ.

ಇನ್ನು ಖಾಸಗಿ ಶಾಲೆ. ಸಿಂಧನೂರಿನ ಸುತ್ತ ಕ್ಯಾಂಪುಗಳಿವೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆ ನಿಂತವರ ಊರುಗಳು ಅವು. ಫೀ ಕಟ್ಟೋಕೆ ಬರುವ ಪಾಲಕರಲ್ಲಿ ಎಷ್ಟೋ ಜನ ತೆಲುಗು ಮಾತಾಡ್ತಾರೆ, ಭತ್ತ ಮಾರಿದ ಮೇಲೆ ಫೀ ಕಟ್ಟುತ್ತಾರೆ. ಎರಡನೇ ಬೆಳೆಗೆ ನೀರು ಬಿಡದ ವರ್ಷ ಫೀ ನಿಲ್ಲುತ್ತೆ, ಹಿಂದೆಯೇ ಸಂಬಳವೂ ನಿಲ್ಲುತ್ತೆ. ಆಡಳಿತ ಮಂಡಳಿಯವರು ಹೇಳುವ ಈ ಕಾರಣ ಪೂರ್ತಿ ಸುಳ್ಳಲ್ಲ. ಆದರೆ ನೀರು ಬಂದ ವರ್ಷ ಮೊದಲೇ ಕೊಟ್ಟಿದ್ದನ್ನು ನಾನಂತೂ ನೋಡಿಲ್ಲ!

ಸೇರುವಾಗ ಮೇ ತಿಂಗಳ ಮಾತು ತೆಗೆಯಲಿ. ಬೇಸಿಗೆಗೆ ಸಂಬಳ ಇಲ್ಲ ಅನ್ನುವ ಶಾಲೆಗಳೇ ಅದೇ ಬೇಸಿಗೆಯಲ್ಲಿ ಟೀಚರ್‌ಗಳನ್ನು ಅಡ್ಮಿಷನ್‌ಗೆ ಮನೆ ಮನೆ ತಿರುಗಿಸುತ್ತವೆ. ಇಲ್ಲಿ ಆಗ ಬಿಸಿಲು 40 ಡಿಗ್ರಿ ದಾಟಿರುತ್ತೆ. ಸರ್ಕಾರಿ ಆಫೀಸುಗಳೇ ಬೆಳಿಗ್ಗೆ 8ಕ್ಕೆ ತೆಗೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುವ ಕಾಲ ಅದು. ತಿರುಗುವುದಾದರೆ ಆ ತಿಂಗಳ ಸಂಬಳ ಕೊಡಿ ಅಂತ ನೇರವಾಗಿ ಕೇಳಲಿ. ಹೀಗೆ ಕೇಳಿ ಪಡೆದವರಿದ್ದಾರೆ, ಅದರಲ್ಲೂ ಗಣಿತ, ವಿಜ್ಞಾನ, ಇಂಗ್ಲಿಷ್‌ನವರು.

ಕೆಲವು ಕಡೆ ಬ್ಯಾಂಕಿಗೆ ಒಂದು ಮೊತ್ತ ಹಾಕಿ, ಅದರಲ್ಲಿ ಇಷ್ಟು ವಾಪಸ್ ಕೊಡಿ ಅಂತಾರೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುವವರೂ ಇದ್ದಾರೆ. ಇವೆರಡಕ್ಕೂ ಒಪ್ಪಿಕೊಳ್ಳೋದು ಬೇಡ.

ಜಗಳ ಬಿದ್ದರೆ ಲೇಬರ್ ಕೋರ್ಟಿಗೆ ಹೋಗ್ತೀನಿ ಅನ್ನುವ ಹಾಗಿಲ್ಲ. ಶಿಕ್ಷಕರು ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಅಂತ 1988ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕೆಲಸದಿಂದ ತೆಗೆದರೆ ಕರ್ನಾಟಕ ಶಿಕ್ಷಣ ಕಾಯ್ದೆಯ ಪ್ರಕಾರ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ಆದರೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಸಿಗುತ್ತೆ. ಖಾಸಗಿ ಶಾಲೆ ಶಿಕ್ಷಕರಿಗೂ ಅದರ ಹಕ್ಕಿದೆ ಅನ್ನೋದನ್ನು 2022ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. ಅದಕ್ಕೆ ಸಾಮಾನ್ಯವಾಗಿ 5 ವರ್ಷ ಸತತ ಸೇವೆ ಬೇಕು. ಮಾರ್ಚ್‌ನಲ್ಲಿ ಬಿಡಿಸಿ ಜೂನ್‌ನಲ್ಲಿ ಹೊಸದಾಗಿ ಸೇರಿಸಿಕೊಂಡಂತೆ ಕಾಗದ ಮಾಡುವುದರ ಹಿಂದಿನ ಲೆಕ್ಕ ಇದೇ. ಅಪಾಯಿಂಟ್‌ಮೆಂಟ್ ಆರ್ಡರ್ ಮೇಲೆ "10 ತಿಂಗಳ ಅವಧಿಗೆ" ಅಂತ ಬರೆದಿದೆಯಾ ನೋಡಿ, ಸಹಿ ಮಾಡುವ ಮೊದಲೇ ಒಂದು ಪ್ರತಿ ಕೇಳಿ ಇಸಿದುಕೊಳ್ಳಲಿ.