ನೆರೆಮನೆಯವರ ಮುಖ ಬಿಗಿದದ್ದೇಕೆ?

(ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿರುವ ಮಗನ ಮನೆಯಲ್ಲಿ ಎರಡು ತಿಂಗಳಿದ್ದು ಬಂದ ಶಿವಮೊಗ್ಗದ ಓದುಗರೊಬ್ಬರು ಪಕ್ಕದ ಮನೆಯ ಹಿರಿಯರೊಡನೆ ಮಾತನಾಡುತ್ತ ‘ನೀವು ಇಂಗ್ಲಿಷರು’ ಎಂದರಂತೆ. ಅಲ್ಲಿಗೆ ಮಾತು ನಿಂತಿತು. ‘ರಾಜ ಒಬ್ಬನೇ, ಪಾಸ್‌ಪೋರ್ಟ್ ಒಂದೇ, ಆಡುವುದೂ ಇಂಗ್ಲಿಷೇ. ಅಲ್ಲಿನ ಗಂಡಸರು ಉಡುವ ಲಂಗದಂಥ ಕಿಲ್ಟ್ ಕೂಡ ಇನ್ನೂರು ವರ್ಷದ ಈಚಿನ ವೇಷವಂತೆ. ಇದು ಬರೀ ಹಠವಲ್ಲವೇ?’ ಎಂಬುದು ಅವರ ಪ್ರಶ್ನೆ.)

ಮಾನ್ಯರೇ,

ನಿಮ್ಮ ನೆರೆಯವರು ಸ್ಕಾಟರು, ಇಂಗ್ಲಿಷರಲ್ಲ. ಆದರೆ ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. ಅದೇ ಊರಿನಲ್ಲಿ ಹಿಂದೆ ಮೂರು ವರ್ಷಕ್ಕೂ ಮೀರಿ ಸೆರೆಯಲ್ಲಿದ್ದವನು. ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. ಬಳ್ಳಾರಿ ಸೀಮೆಯ ಮನ್ರೋ ಸಾಹೇಬ ನಿಮ್ಮ ಮಗನಿರುವ ಗ್ಲಾಸ್ಗೋದವನೇ. ಮೂವರನ್ನೂ ನಾವು ‘ಆಂಗ್ಲರು’ ಎಂದೇ ಅಚ್ಚುಹಾಕುತ್ತ ಬಂದಿದ್ದೇವೆ.

ಕಿಲ್ಟ್ ವಿಚಾರದಲ್ಲಿ ನಿಮ್ಮ ಮಾತು ಮುಕ್ಕಾಲು ಸರಿ. ಮಲೆನಾಡಿನ ಸ್ಕಾಟರು ಮೈಗೆ ಸುತ್ತಿಕೊಳ್ಳುತ್ತಿದ್ದ ಉದ್ದನೆಯ ಕಂಬಳಿ ಹಳೆಯದು. ಕಲ್ಲೋಡನ್ ಕಾಳಗದಲ್ಲಿ ಲಂಡನ್ನಿನ ದೊರೆಯ ವಿರುದ್ಧದ ಬಂಡಾಯ ಅಡಗಿದ ಮೇಲೆ 1746ರ ಕಾಯಿದೆ ಆ ಉಡುಪನ್ನೇ ನಿಷೇಧಿಸಿತು. 1782ರವರೆಗೆ ಅದು ತೆರವಾಗಲಿಲ್ಲ. ಮನೆತನಕ್ಕೊಂದು ಚೌಕಳಿ ಎಂಬ ಏರ್ಪಾಡು ಬಲವಾದದ್ದು 1822ರಲ್ಲಿ ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರಾಕ್ಕೆ ಬಂದಾಗ. ಉತ್ಸವದ ಸೂತ್ರಧಾರ ಕಾದಂಬರಿಕಾರ ವಾಲ್ಟರ್ ಸ್ಕಾಟ್. ಮಲೆನಾಡಿನವರನ್ನು ಕಂಡರೆ ಮೂಗು ಮುರಿಯುತ್ತಿದ್ದ ಬಯಲಿನ ದೊಡ್ಡ ಮನುಷ್ಯರೂ ಅಂದು ಚೌಕಳಿ ಉಟ್ಟರು. ಸ್ಥೂಲಕಾಯದ ದೊರೆ ಕಿಲ್ಟಿನ ಕೆಳಗೆ ಮೈಬಣ್ಣದ ಬಿಗಿ ಕಾಲುಚೀಲ ಏರಿಸಿದ್ದ. ಜನ ನಕ್ಕರು, ಆದರೆ ಉಡುಪು ಉಳಿಯಿತು.

ಹಾಗೆಂದು ಕಿಲ್ಟ್ ಬಿಚ್ಚಿಟ್ಟರೆ ಸ್ಕಾಟ್ಲೆಂಡ್ ಕರಗಿಹೋಗುವುದಿಲ್ಲ. ಇಂಗ್ಲೆಂಡಿನೊಡನೆ ಒಂದಾದ 1707ರ ಒಪ್ಪಂದದಲ್ಲಿ ಅವರು ಸಂಸತ್ತನ್ನು ಬಿಟ್ಟುಕೊಟ್ಟರು. ನ್ಯಾಯಪದ್ಧತಿಯನ್ನು, ಚರ್ಚನ್ನು ಬಿಡಲಿಲ್ಲ. ಶಾಲೆ, ವಿಶ್ವವಿದ್ಯಾಲಯಗಳೂ ತಮ್ಮದೇ ದಾರಿಯಲ್ಲಿ ನಡೆದವು. ಇಂದಿಗೂ ಅಲ್ಲಿನ ಕ್ರಿಮಿನಲ್ ಮೊಕದ್ದಮೆಯ ಜ್ಯೂರಿಯಲ್ಲಿ 15 ಜನ, ಇಂಗ್ಲೆಂಡಿನಲ್ಲಿ 12. ನೋಟುಗಳನ್ನು ಮೂರು ಬ್ಯಾಂಕುಗಳು ತಮ್ಮ ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸುತ್ತವೆ. ಅದನ್ನು ಲಂಡನ್ನಿನ ಅಂಗಡಿಯಲ್ಲಿ ಕೊಟ್ಟು ನೋಡಿ: ಕೌಂಟರಿನವರು ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿಯುತ್ತಾರೆ. ನಿಮ್ಮ ನೆರೆಯವರಿಗೆ ಆ ಅನುಮಾನದ ದೃಷ್ಟಿಯ ಅನುಭವ ಇದ್ದಿರಲಿಕ್ಕೂ ಸಾಕು. 1999ರಲ್ಲಿ ಸಂಸತ್ತು ಮತ್ತೆ ಸೇರಿದಾಗ ಹಿರಿಯ ಸದಸ್ಯೆ ವಿನಿ ಯೂಯಿಂಗ್ ‘ಹೊಸ ಸಂಸತ್ತು’ ಎನ್ನಲಿಲ್ಲ. 1707ರ ಮಾರ್ಚ್ 25ರಂದು ಮುಂದೂಡಿದ್ದ ಸಭೆ ಮತ್ತೆ ಕೂಡಿದೆ ಎಂದರು. ನಡುವೆ ಕಳೆದದ್ದು 292 ವರ್ಷ!

‘ಆಡುವುದೂ ಇಂಗ್ಲಿಷೇ’ ಎಂಬುದನ್ನು ನಾನು ಒಪ್ಪಲಾರೆ. ಅಲ್ಲಿನ ಹಳೆಯ ನುಡಿ ಗೇಲಿಕ್ ಬಲ್ಲವರು ಕಡಿಮೆ, ನಿಜ. ಆದರೆ ಬರ್ನ್ಸ್ ಕವಿ ಬರೆದ ಸ್ಕಾಟ್ಸ್ ನುಡಿ ಇನ್ನೂ ಬೀದಿಯಲ್ಲಿದೆ. ಮಗುವಿಗೆ ಪೂರ್ವದವರು ‘ಬೇರ್ನ್’ ಎಂದರೆ ಗ್ಲಾಸ್ಗೋದವರು ‘ವೇನ್’ ಎನ್ನುತ್ತಾರೆ. ಅದು ಭಾಷೆಯೋ ಉಪಭಾಷೆಯೋ ಎಂಬ ಜಗಳ ನಮಗೇನೂ ಹೊಸದಲ್ಲವಲ್ಲ.

ಹಾಗಾದರೆ ಬೇರೆಯಾಗಿಬಿಡಲಿ ಎನ್ನುತ್ತೀರೇನೋ. 2014ರ ಜನಮತದಲ್ಲಿ ಶೇಕಡಾ 55 ಮಂದಿ ಬೇಡ ಎಂದರು. ಆದರೆ 2022ರ ಜನಗಣತಿಯಲ್ಲಿ ಶೇಕಡಾ 65ಕ್ಕೂ ಹೆಚ್ಚು ಜನ ತಮ್ಮನ್ನು ‘ಸ್ಕಾಟಿಷ್’ ಎಂದಷ್ಟೇ ಬರೆಸಿಕೊಂಡರು. ಎರಡೂ ಅದೇ ಜನರ ಮಾತು.

ನನಗೂ ಒಂದು ತಕರಾರಿದೆ. ಇಂಗ್ಲೆಂಡಿನಿಂದ ತುಳಿತಕ್ಕೊಳಗಾದವರು ನಾವು ಎಂದು ಕೆಲವು ಸ್ಕಾಟರು ಹೇಳುವಾಗ ಸಾಮ್ರಾಜ್ಯದಲ್ಲಿ ಉಂಡ ಪಾಲನ್ನು ಮರೆಯುತ್ತಾರೆ. ಜಾರ್ಜ್ ದೊರೆಯ ಕಿಲ್ಟಿನ ಚಿತ್ರ ಬರೆದ ಡೇವಿಡ್ ವಿಲ್ಕಿಯೇ ಟಿಪ್ಪುವಿನ ಶವದ ಬಳಿ ನಿಂತ ಬೇರ್ಡನನ್ನೂ ಬರೆದ. ಆ ಚಿತ್ರ ಸ್ಕಾಟ್ಲೆಂಡಿನ ರಾಷ್ಟ್ರೀಯ ಸಂಗ್ರಹದಲ್ಲಿದೆ.

ಮತ್ತೆ ಹೋದಾಗ ನೆರೆಯವರೊಡನೆ ಫುಟ್‌ಬಾಲ್ ಮಾತು ತೆಗೆಯಿರಿ. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ನಡುವಿನ ಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯ ನಡೆದದ್ದು 1872ರಲ್ಲಿ, ಅವರದೇ ಗ್ಲಾಸ್ಗೋದಲ್ಲಿ. ಗೋಲು ಯಾರೂ ಹೊಡೆಯಲಿಲ್ಲ.

– ಸಂ.