ಚುಕ್ಕಾಣಿ ಇಲ್ದೆ ಅಷ್ಟು ದೊಡ್ಡ ಹಡಗು ತಿರುಗೋದು ಹೆಂಗೆ?

ಮರ್ಮಗೋವಾದಲ್ಲಿ ನೀವು ನೋಡಿದ ಕ್ರೂಸ್ ಹಡಗಿಗೆ ಚುಕ್ಕಾಣಿನೇ (ಹಿಂದೆ ನೀರಲ್ಲಿದ್ದು ಹಡಗು ತಿರುಗಿಸೋ ಹಲಗೆ) ಇಲ್ಲ ಅಂತ ಯಾರೋ ಹೇಳಿದ್ರಂತೆ, ನಿಜಾನಾ, ನಿಜ ಆದ್ರೆ ಕಾರವಾರಕ್ಕೆ ಬರೋ ಟ್ಯಾಂಕರಿಗೆ ಯಾಕೆ ಹಾಗಿಲ್ಲ ಅಂತ ಕೇಳಿದೀರಿ. ಅಜಿಪಾಡ್, ಅಂದ್ರೆ ತಾನೇ ತಿರುಗೋ ಮೋಟಾರು-ಪ್ರೊಪೆಲ್ಲರ್ ಗೂಡು, ಹಾಕಿದ ಹಡಗಾಗಿದ್ರೆ ನಿಜಾನೇ ಮಾರಾಯ್ರೆ. ನಂದು ಕಾರವಾರವೇ, ಹಡಗಲ್ಲಿ ಎಲೆಕ್ಟ್ರಿಕಲ್ ಕೆಲಸ.

ನಮ್ಮ ಕಾರವಾರದ ಬೈತಖೋಲದಲ್ಲಿ ಸಣ್ಣ ದೋಣಿ ಹಿಂದೆ ಔಟ್‌ಬೋರ್ಡ್ ಇಂಜಿನ್ ಇರುತ್ತಲ್ಲ, ಹಿಡಿಕೆ ಎಳೆದ ಕಡೆ ಪ್ರೊಪೆಲ್ಲರೇ ತಿರುಗುತ್ತೆ, ತತ್ವ ಅದೇ. ಆದ್ರೆ ಇಲ್ಲಿ ಹಡಗಿನ ಹೊಟ್ಟೆ ಕೆಳಗೆ ನೀರಲ್ಲಿ ಒಂದು ದೊಡ್ಡ ಗೂಡು ನೇತು ಹಾಕಿರ್ತಾರೆ, ಅದೇ ಪಾಡ್, ಕರೆಂಟ್ ಮೋಟಾರ್ ಅದರೊಳಗೇ, ಮೋಟಾರಿನ ಶಾಫ್ಟಿಗೇ ಪ್ರೊಪೆಲ್ಲರ್, ಇಡೀ ಗೂಡು 360 ಡಿಗ್ರಿ ತಿರುಗುತ್ತೆ. ಚುಕ್ಕಾಣಿದೊಂದು ತೊಂದರೆ ಏನಂದ್ರೆ ಅದರ ಮೇಲೆ ನೀರು ಜೋರಾಗಿ ಹರಿದ್ರೆ ಮಾತ್ರ ಕೆಲಸ ಮಾಡುತ್ತೆ, ಧಕ್ಕೆ (ಹಡಗು ಕಟ್ಟೋ ಕಟ್ಟೆ) ಹತ್ರ ನಿಧಾನ ಆದಾಗ, ಅಂದ್ರೆ ಸರಿಯಾಗಿ ಬೇಕಾದಾಗಲೇ, ಅದು ಕೈ ಕೊಡುತ್ತೆ. ಪಾಡ್‌ಗೆ ಆ ರಗಳೆ ಇಲ್ಲ, ಹಡಗು ನಿಂತಿದ್ರೂ ಬೇಕಾದ ಕಡೆ ತಳ್ಳುತ್ತೆ, ಮುಂದೆ ಮೂತಿಯನ್ನ ಪಕ್ಕಕ್ಕೆ ತಳ್ಳೋ ಪ್ರೊಪೆಲ್ಲರ್, ಬೋ ಥ್ರಸ್ಟರೂ ಇರೋದ್ರಿಂದ ನಿಂತಲ್ಲೇ ತಿರುಗಬಹುದು.

ತಿರುಗೋ ಗೂಡಿಗೆ ಕರೆಂಟ್ ಹೆಂಗೆ, ಕೇಬಲ್ ಸುತ್ತಿಕೊಳ್ಳಲ್ವಾ? ಅದಕ್ಕೆ ಮೇಲೆ ಪಾಡ್ ರೂಮಲ್ಲಿ ಸ್ಲಿಪ್ ರಿಂಗ್ ಇರುತ್ತೆ. ಉಂಗುರ ತಿರುಗುತ್ತಿರುತ್ತೆ, ಕರೆಂಟ್ ದಾಟಿಸೋ ಬ್ರಷ್ ಅದಕ್ಕೆ ಒತ್ತಿ ನಿಂತಿರುತ್ತೆ, ಬ್ರಷ್ ಸವೆದು ಕಪ್ಪು ಪುಡಿ ಕೂತರೆ ಇನ್ಸುಲೇಷನ್ ಕೆಡುತ್ತೆ, ಹಾಗಾಗಿ ವ್ಯಾಕ್ಯೂಮ್ ಹಿಡಿದು ಬಗ್ಗಿ ಕೂತು ಕ್ಲೀನ್ ಮಾಡೋ ಭಾಗ್ಯ ನಮ್ಮಂಥವರದು.

ಇದು ಶುರುವಾಗಿದ್ದು ಫಿನ್ಲೆಂಡಲ್ಲಿ, 1990ರಲ್ಲಿ ಸೈಲಿ ಅನ್ನೋ ಸಣ್ಣ ಹಡಗಿಗೆ 1.5 ಮೆಗಾವ್ಯಾಟಿಂದು ಹಾಕಿದ್ರು, ಮಂಜುಗಡ್ಡೆಯಲ್ಲಿ ಓಡಾಡೋದೇ ಮುಖ್ಯ ಚಿಂತೆ ಆಗ. ಕ್ರೂಸ್ ಹಡಗಿಗೆ ಬಂದಿದ್ದು 1998ರಲ್ಲಿ, ಎಲೇಷನ್‌ಗೆ. ಆಮೇಲೆ ಬಂದ ಓಯಸಿಸ್ ಆಫ್ ದ ಸೀಸ್‌ಗೆ 20 ಮೆಗಾವ್ಯಾಟಿನ ಮೂರು.

ಬಂದರಲ್ಲಿ ದೊಡ್ಡ ಹಡಗನ್ನ ಎಳೆದು ತಳ್ಳೋ ಸಣ್ಣ ಹಡಗು, ಟಗ್‌ಗಳಲ್ಲೂ ತಿರುಗೋ ಪ್ರೊಪೆಲ್ಲರ್ ಇರುತ್ತೆ, ಆದ್ರೆ ಸಾಮಾನ್ಯವಾಗಿ ಅದು ಝಡ್ ಡ್ರೈವ್, ಡೀಸೆಲ್ ಇಂಜಿನ್ ಹಡಗಿನ ಒಳಗೇ ಇದ್ದು ಗೇರಲ್ಲಿ ಎರಡು ಸಲ ದಿಕ್ಕು ಬದಲಿಸಿ ಶಕ್ತಿ ಕೆಳಗೆ ಪ್ರೊಪೆಲ್ಲರಿಗೆ ಹೋಗುತ್ತೆ. ಎರಡನ್ನೂ ಒಂದೇ ಅಂತ ಬರೆಯೋರು ಇದಾರೆ, ಅಲ್ಲ.

ಇನ್ನು ಕಾರವಾರಕ್ಕೆ ಬರೋ ಡಾಂಬರು ಟ್ಯಾಂಕರ್. ಅದು ದಿನಗಟ್ಟಲೆ ನೆಟ್ಟಗೆ ಬರುತ್ತೆ, ತಿರುಗೋದು ಬಂದರಲ್ಲಿ ಸ್ವಲ್ಪ ಹೊತ್ತು ಮಾತ್ರ. ಇಂಜಿನ್ ನೇರ ಶಾಫ್ಟಿಗೆ ಕೂತಿದ್ರೆ ದಾರಿಯಲ್ಲಿ ಶಕ್ತಿ ಪೋಲಾಗೋದು ತೀರಾ ಕಮ್ಮಿ, ಡೀಸೆಲ್‌ನಿಂದ ಕರೆಂಟ್ ಮಾಡಿ ಮತ್ತೆ ಮೋಟಾರಿಗೆ ಕೊಟ್ರೆ ಸುಮಾರು ನೂರಕ್ಕೆ ಎಂಟು ಹತ್ತು ಹೋಗುತ್ತೆ. ಕ್ರೂಸ್ ಹಡಗಿಗೆ ಹೆಂಗೂ ಎಸಿ, ಅಡುಗೆಮನೆ, ದೀಪ ಅಂತ ಊರಿಗಾಗುವಷ್ಟು ಜನರೇಟರ್ ಬೇಕೇ ಬೇಕು, ಅದಕ್ಕೆ ಲೆಕ್ಕ ಕೂಡಿ ಬರುತ್ತೆ. ಮೇಲಾಗಿ ಪಾಡಿನ ಬೇರಿಂಗ್ ಹೋದ್ರೆ ಹೆಚ್ಚಿನ ಸಲ ಹಡಗನ್ನ ನೀರಿಲ್ಲದ ಜಾಗದಲ್ಲಿ ನಿಲ್ಲಿಸೋ ಡ್ರೈ ಡಾಕೇ ಗತಿ. ಟ್ಯಾಂಕರ್ ಮಾಲೀಕ ಅಷ್ಟೆಲ್ಲಾ ದುಡ್ಡು ಹಾಕೋ ಬದಲು ಟಗ್ ಕರೆಸಿ ಬಾಡಿಗೆ ಕೊಟ್ಟು ಕೆಲಸ ಮುಗಿಸ್ತಾನೆ, ನಾನಾದ್ರೂ ಅದನ್ನೇ ಮಾಡ್ತಿದ್ದೆ.