ಕಪಾಲಭಾತಿ ಮಾಡಿದರೆ ತಲೆ ಸುತ್ತುತ್ತದೆ. ಹೊಸಬರು ಪ್ರಾಣಾಯಾಮವನ್ನು ಎಲ್ಲಿಂದ ಶುರು ಮಾಡಬೇಕು?

ವಿಡಿಯೊ ನೋಡಿ ನೇರ ಕಪಾಲಭಾತಿಗೆ, ಅಂದರೆ ಹೊಟ್ಟೆ ಒಳಗೆಳೆದು ಉಸಿರನ್ನು ಬಿರುಸಾಗಿ ಹೊರದೂಡುವ ಕ್ರಿಯೆಗೆ ಇಳಿದಿದ್ದೀರಿ, ಎರಡೇ ನಿಮಿಷಕ್ಕೆ ತಲೆ ಸುತ್ತಿ ಬೆರಳ ತುದಿ ಜುಮ್ಮೆನ್ನುತ್ತದೆ, ಉಸಿರು ಎಷ್ಟು ಹೊತ್ತು ಹಿಡಿಯಬೇಕೆಂದೂ ಕೇಳಿದ್ದೀರಿ. ಹಿಡಿಯುವುದೇ ಬೇಡ, ಕನಿಷ್ಠ ಮೊದಲ ಮೂರು ತಿಂಗಳು. ಕಪಾಲಭಾತಿಯನ್ನೂ ಸದ್ಯಕ್ಕೆ ಬಿಡಿ. ಯೋಗದ ಹಳೆಯ ಗ್ರಂಥವಾದ ಹಠಯೋಗ ಪ್ರದೀಪಿಕೆ ಅದನ್ನು ಪ್ರಾಣಾಯಾಮಗಳ ಸಾಲಿಗೇ ಸೇರಿಸಿಲ್ಲ. ಧೌತಿ, ಬಸ್ತಿ, ನೇತಿಗಳ ಜೊತೆ ಶುದ್ಧಿಕ್ರಿಯೆ ಎಂದು ಎಣಿಸಿದೆ. ತಲೆ ಸುತ್ತುವುದನ್ನು ‘ಶಕ್ತಿ ಏರುತ್ತಿದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಿರುಸಾಗಿ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ತೀರಾ ಇಳಿಯುತ್ತದೆ, ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಅಷ್ಟೇ ವಿಷಯ.

ಮೊದಲ ಎರಡು ವಾರ ಹೊಟ್ಟೆಯ ಉಸಿರಾಟ ಮಾತ್ರ. ಅಂಗಾತ ಮಲಗಿ ಮಂಡಿ ಮಡಚಿ, ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಕ್ಕುಳ ಮೇಲೆ. ಮೂಗಿನಿಂದ ಎಳೆದುಕೊಂಡಾಗ ಹೊಕ್ಕುಳ ಮೇಲಿನ ಕೈ ಏಳಬೇಕು, ಎದೆಯ ಕೈ ಹೆಚ್ಚುಕಡಿಮೆ ಸುಮ್ಮನಿರಬೇಕು. ಬೆಳಿಗ್ಗೆ ಐದು ನಿಮಿಷ, ರಾತ್ರಿ ಐದು ನಿಮಿಷ. ಇದನ್ನು ಹಾರಿಸಿ ಮುಂದೆ ಹೋಗುವವರೇ ಜಾಸ್ತಿ, ಆದರೆ ಲೆಕ್ಕ ನೋಡಿ. ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್ ಗಾಳಿ ಒಳಗೆ ಹೋದರೆ ಅದರಲ್ಲಿ 150ರಷ್ಟು ಮೂಗು, ಗಂಟಲು, ಶ್ವಾಸನಾಳದಲ್ಲೇ ಉಳಿದು ವಾಪಸ್ ಬರುತ್ತದೆ. ನಿಮಿಷಕ್ಕೆ 12 ಸಲ ಹೀಗೆ ಒಟ್ಟು ಆರು ಲೀಟರ್ ಉಸಿರಾಡಿದರೆ ಶ್ವಾಸಕೋಶದ ಆಳಕ್ಕೆ 4.2 ಲೀಟರ್ ತಲುಪುತ್ತದೆ. ಅದೇ ಆರು ಲೀಟರನ್ನು 250ರಂತೆ 24 ಸಲ ಎಳೆದರೆ ತಲುಪುವುದು 2.4 ಲೀಟರ್ ಮಾತ್ರ. ಎದೆಯ ಮೇಲ್ಭಾಗದಲ್ಲೇ ಏದುತ್ತಿದ್ದರೆ ಕೆಲಸ ಹೆಚ್ಚು, ಫಲ ಕಡಿಮೆ.

ಆಮೇಲೆ ನಾಡಿಶುದ್ಧಿ, ಅಂದರೆ ಒಂದೊಂದೇ ಹೊಳ್ಳೆಯಿಂದ ಸರದಿಯಂತೆ ಉಸಿರಾಡುವುದು. ಜಮಖಾನೆಯನ್ನು ನಾಲ್ಕು ಮಡಿಕೆ ಮಾಡಿ ಪೃಷ್ಠದ ಕೆಳಗಷ್ಟೇ ಇಟ್ಟು ಚಕ್ಕಳಮಕ್ಕಳ ಹಾಕಿ ಕೂರಿ. ಸೊಂಟ ಮಂಡಿಗಿಂತ ಮೇಲಿದ್ದರೆ ಬೆನ್ನು ತಾನಾಗಿ ನೆಟ್ಟಗಿರುತ್ತದೆ. ಮಂಡಿನೋವಿದ್ದರೆ ಕುರ್ಚಿಯೂ ಆದೀತು. ಬಲಗೈಯ ತೋರುಬೆರಳು, ಮಧ್ಯದ ಬೆರಳು ಮಡಚಿ. ಹೆಬ್ಬೆರಳಿನಿಂದ ಬಲ ಹೊಳ್ಳೆ ಮುಚ್ಚಿ ಎಡದಿಂದ ಒಳಗೆ. ಉಂಗುರದ ಬೆರಳಿನಿಂದ ಎಡ ಮುಚ್ಚಿ ಬಲದಿಂದ ಹೊರಗೆ. ಮತ್ತೆ ಬಲದಿಂದಲೇ ಒಳಗೆ, ಎಡದಿಂದ ಹೊರಗೆ. ಇದು ಒಂದು ಸುತ್ತು. ಒಳಗೆ 4 ಸೆಕೆಂಡ್, ಹೊರಗೆ 4 ಸೆಕೆಂಡ್‌ನಿಂದ ಆರಂಭಿಸಿ. ಹತ್ತು ದಿನ ಕಳೆದ ಮೇಲೆ ಹೊರಗೆ 6, ಇನ್ನೊಂದು ತಿಂಗಳಿಗೆ 8. ನಾಲ್ಕು–ಆರರ ಲೆಕ್ಕದಲ್ಲಿ ಒಂಬತ್ತು ಸುತ್ತಿಗೆ ಮೂರೇ ನಿಮಿಷ ಸಾಕು. ಒಳಗೆಳೆಯುವ ಎಣಿಕೆ ಹೆಚ್ಚಿಸುವ ಆತುರ ಬೇಡ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ, ಹಾಗಾಗಿ ನೆಮ್ಮದಿ ಸಿಗುವುದು ರೇಚಕದಲ್ಲಿ, ಅಂದರೆ ಉಸಿರು ಬಿಡುವುದರಲ್ಲಿ.

ಎಣಿಕೆ ಜಾಸ್ತಿಯಾಯಿತೇ ಎಂದು ತಿಳಿಯುವುದು ಸುಲಭ: ಬಿಟ್ಟ ಮೇಲೆ ಮುಂದಿನ ಉಸಿರನ್ನು ಗಬಕ್ಕನೆ ಎಳೆಯಬೇಕಾದರೆ ಒಂದು ಸೆಕೆಂಡ್ ಇಳಿಸಿ. ಉಸಿರಿನ ಸದ್ದು ನಿಮ್ಮ ಕಿವಿಗೇ ಕೇಳಬಾರದು. ಬೆರಳಿನಿಂದ ಮೂಗಿನ ಮೂಳೆ ಮುಗಿದು ಮೆತ್ತಗಾಗುವ ಜಾಗವನ್ನು ಬರಿದೇ ಮುಚ್ಚಿದರೆ ಆಯಿತು, ಒತ್ತಿ ಮೂಗನ್ನು ಸೊಟ್ಟ ಮಾಡಬೇಡಿ. ಮೂರ್ನಾಲ್ಕು ಸುತ್ತಿಗೆ ಬಲಗೈ ಸೋತು ತಲೆ ಬಲಕ್ಕೆ ವಾಲುತ್ತದೆ, ಗಮನಿಸಿ. ಎಡಗೈಯಿಂದ ಮೊಣಕೈಗೆ ಆಸರೆ ಕೊಡಬಹುದು. ಒಂದು ಹೊಳ್ಳೆ ಸ್ವಲ್ಪ ಬಿಗಿಯಾಗಿದ್ದರೆ ಗಾಬರಿ ಬೇಡ, ಕೆಲವು ಗಂಟೆಗೊಮ್ಮೆ ಎಡಬಲ ಬದಲಾಗುವುದು ಮೂಗಿನ ಸಹಜ ಗುಣ. ನೆಗಡಿಯಾಗಿ ಪೂರ್ತಿ ಕಟ್ಟಿದ್ದ ದಿನ ಬಲವಂತ ಮಾಡದೆ ಹೊಟ್ಟೆಯ ಉಸಿರಾಟಕ್ಕೇ ಮರಳಿ.

ಊಟವಾಗಿ ಮೂರು ಗಂಟೆಯಾದರೂ ಕಳೆದಿರಲಿ. ಬೆಳಗಿನ ತಿಂಡಿಗೆ ಮೊದಲು ಮಾಡಿದರೆ ಈ ತಾಪತ್ರಯವಿಲ್ಲ. ರಾತ್ರಿ ನಿದ್ದೆ ಬಾರದವರಿಗೆ ಭ್ರಾಮರಿ ಐದು ಸಲ: ಬಾಯಿ ಮುಚ್ಚಿ, ಹಲ್ಲು ಕಚ್ಚದೆ, ಉಸಿರು ಬಿಡುತ್ತಾ ದುಂಬಿಯ ಹಾಗೆ ಗುಂಯ್‌ಗುಡುವುದು.

ಬಿ.ಪಿ., ಹರ್ನಿಯಾ ಅಥವಾ ಹೃದಯದ ತೊಂದರೆ ಇರುವವರು, ಗರ್ಭಿಣಿಯರು, ಈಚೆಗೆ ಹೊಟ್ಟೆಯ ಆಪರೇಷನ್ ಆದವರು ಕಪಾಲಭಾತಿ, ಭಸ್ತ್ರಿಕಾ (ತಿದಿಯಂತೆ ಬಿರುಸಾಗಿ ಉಸಿರೆಳೆದು ಬಿಡುವುದು) ಇವುಗಳ ತಂಟೆಗೆ ಹೋಗದಿರುವುದು ಒಳ್ಳೆಯದು. ಅಸ್ತಮಾ ಇದ್ದರೆ ಇನ್‌ಹೇಲರ್ ನಿಲ್ಲಿಸಬೇಡಿ. ಕೂತಲ್ಲೇ ತಲೆ ಸುತ್ತಿದರೆ ಕೈ ಇಳಿಸಿ, ಎಣಿಸುವುದನ್ನು ಬಿಟ್ಟು ಮಾಮೂಲಿನಂತೆ ಉಸಿರಾಡಿ. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಸರಿಹೋಗುತ್ತದೆ. ಪ್ರಾಣಾಯಾಮ ಮಾಡದೆ ಸುಮ್ಮನೆ ಕೂತಾಗಲೂ ಮತ್ತೆ ಮತ್ತೆ ಸುತ್ತುತ್ತಿದ್ದರೆ ಅದು ಡಾಕ್ಟರಿಗೆ ತೋರಿಸಬೇಕಾದ ವಿಷಯ.